ಮೊದಲು ಪಾಸು, ಆಮೇಲೆ ಫೇಲು

ಅನುಮಾನ ನನ್ನ ಹುಟ್ಟುಗುಣ. ತರಕಾರಿಯವಳು ಒಂದು ಹಿಡಿ ಕೊತ್ತಂಬರಿ ಸೊಪ್ಪು ಸುಮ್ಮನೆ ಹಾಕಿದರೆ ನಾನು ಅವಳ ಮುಖ ನೋಡುವುದಿಲ್ಲ, ತಕ್ಕಡಿ ನೋಡುತ್ತೇನೆ. "ನಿನ್ನ ಕಟ್ಕೊಳೋನು ದಿನಾ ಸಾಕ್ಷಿ ಕರ್ಕೊಂಡೇ ಮನೆಗ್ ಬರ್ಬೇಕು ಕಣೇ" ಎಂದು ತರೀಕೆರೆಯಲ್ಲಿ ನಮ್ಮಮ್ಮ ಬೈಯುತ್ತಿದ್ದಳು. ಈ ಗುಣಕ್ಕೂ ಸಂಬಳ ಕೊಡುವವರು ಬೆಂಗಳೂರಿನಲ್ಲಿ ಸಿಕ್ಕರು. ಎಂಬತ್ತರ ದಶಕದ ಕೊನೆಯ ವರ್ಷಗಳು. ಕಂಪ್ಯೂಟರ್ ಜೋಡಿಸಿ ಮಾರುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕರ್ನಲ್ ನೋಡಿಕೊಳ್ಳುವ ಗುಂಪಿನಲ್ಲಿದ್ದೆ. ಕರ್ನಲ್ ಎಂದರೆ ಮಿಷನ್ನಿನೊಳಗೆ ಯಾರ ಸರದಿ ಯಾವಾಗ, ಯಾವುದನ್ನು ಎಲ್ಲಿಡಬೇಕು ಎಂದು ಮನೆಯ ಹಿರಿಸೊಸೆಯ ಹಾಗೆ ನಿಭಾಯಿಸುವ ಪ್ರೋಗ್ರಾಮು. ಅದು ಎಡವಿದರೆ ಬೈಸಿಕೊಳ್ಳುವವರು ಯಾವಾಗಲೂ ಬೇರೆಯವರು.

ಕಡೂರಿನ ಬೀಜ ಬೆಳೆಗಾರರ ಸಂಘವೊಂದು ನಮ್ಮ ಮಿಷನ್ ಕೊಂಡಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ರೈತರು ಬೆಳೆದ ಸೂರ್ಯಕಾಂತಿ ಬೀಜವನ್ನು ಸಂಘದವರು ಮೊಳಕೆ ಕಟ್ಟಿ ಪರೀಕ್ಷೆ ಮಾಡುತ್ತಿದ್ದರು. ಚೆನ್ನಾಗಿ ಮೊಳೆತರೆ ಪಾಸು, ಇಲ್ಲದಿದ್ದರೆ ಫೇಲು. ಪಾಸಾದ ಬೀಜ ಮುಂದಿನ ವರ್ಷ ಬಿತ್ತನೆಗೆ ಹೋಗುತ್ತಿತ್ತು, ಫೇಲಾದದ್ದು ಗಾಣಕ್ಕೆ. ಒಂದು ದಿನ ಅಲ್ಲಿಂದ ದೂರು ಬಂತು. ಸಾಯಂಕಾಲ ಫೇಲು ಎಂದಿದ್ದ ಬೀಜ ಬೆಳಿಗ್ಗೆ ಪಾಸು ಎಂದು ತೋರಿಸುತ್ತಿದೆಯಂತೆ.

ನಮ್ಮ ಮುಖ್ಯಸ್ಥರು ನಕ್ಕುಬಿಟ್ಟರು. ಕರ್ನಲ್‌ನ ಆ ಭಾಗ ಬರೆದವರು ಅವರೇ. "ಅಲ್ಲಿ ಯಾರೋ ಕೈಚಳಕ ತೋರಿಸ್ತಿದಾರೆ. ನೀನು ಆ ಕಡೆಯವಳಲ್ವಾ, ಹೋಗಿ ನೋಡು. ಮಿಷನ್ ಸರಿ ಇದೆ ಅಂತ ಬರೆದುಕೊಟ್ಟು ಬಾ" ಎಂದರು. ನೋಡುವ ಮೊದಲೇ ಏನು ಬರೆಯಬೇಕೆಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕರ್ನಲ್‌ನ ಮೂಲ ಪ್ರೋಗ್ರಾಮಿದ್ದ ಟೇಪನ್ನು ಅವರಿಗೆ ಹೇಳದೆ ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದೆ.

ಸಂಘದ ಕಾರ್ಯದರ್ಶಿ ನನ್ನನ್ನು ಕರೆದುಕೊಂಡು ಹೋಗಲು ಸ್ಟೇಷನ್ನಿಗೇ ಬಂದಿದ್ದ. ಅದೂ ನನಗೆ ಸರಿ ಬರಲಿಲ್ಲ. ರಿಪೇರಿಗೆ ಬಂದವರಿಗೆ ಯಾರಾದರೂ ಇಷ್ಟು ಮರ್ಯಾದೆ ಮಾಡುತ್ತಾರೆಯೇ? ದಾರಿಯುದ್ದಕ್ಕೂ ಅವನದೇ ಮಾತು. ಟೈಪ್ ಮಾಡುವ ಹುಡುಗಿ ದೇವನೂರಿನವಳಂತೆ, ಅವರ ಮನೆಯಲ್ಲಿ ಆಫೀಸಿನ ಕೆಲಸಕ್ಕೆ ಸೇರಿದವಳು ಅವಳೇ ಮೊದಲಂತೆ. "ಅವರ ಪೈಕಿಯೋರಿಗೆ ಇಂಥ ಜಾಗ ಕೊಟ್ಟಿದ್ದೇ ತಪ್ಪಾಯ್ತು ಮೇಡಂ" ಎಂದ. ಯಾರ ಪೈಕಿ ಎಂದು ನಾನು ಕೇಳಲಿಲ್ಲ. ಕೇಳದಿದ್ದರೂ ಹೇಳಿದ.

ಆ ಹುಡುಗಿ ಕಂಪ್ಯೂಟರ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮಿಷನ್ ಮುಟ್ಟಬಾರದು, ಮನೆಗೂ ಹೋಗಬಾರದು, ಕೆಲಸದ ವೇಳೆಯೆಲ್ಲ ಅಲ್ಲೇ ಕೂತಿರಬೇಕು ಎಂದು ಕಾರ್ಯದರ್ಶಿಯ ಆಜ್ಞೆ. ಶನಿವಾರ ಸಮಿತಿಯ ಸಭೆ ಇತ್ತು. ಅವಳನ್ನು ತೆಗೆದುಹಾಕುವುದು, ರೈತರಿಂದ ಲಂಚ ತಿಂದಳೆಂದು ಪೊಲೀಸಿಗೆ ಬರೆಯುವುದು, ಎರಡೂ ಅಂದೇ ತೀರ್ಮಾನವಾಗಬೇಕಿತ್ತು. ಹೋಗುವವರು ಬರುವವರೆಲ್ಲ ಅವಳನ್ನೊಮ್ಮೆ ನೋಡಿ ಹೋಗುತ್ತಿದ್ದರು. ಅವಳು ಎದುರು ಗೋಡೆ ನೋಡುತ್ತಿದ್ದಳು.

"ನೀವೇ ಯೋಚ್ನೆ ಮಾಡಿ ಮೇಡಂ" ಎಂದ ಕಾರ್ಯದರ್ಶಿ. "ಒಂದೇ ಒಂದು ಪಾಸು ಫೇಲಾಗಿಲ್ಲ. ಫೇಲೇ ಪಾಸಾಗಿರೋದು. ಅದ್ರಲ್ಲೂ ಎಲ್ಲಾ ಅಲ್ಲ, ಆರಿಸಿ ತೆಗ್ದಂಗೆ ಕೆಲವು. ಅದ್ರಲ್ಲೂ ಹೆಚ್ಚಿನಂಶ ಅಜ್ಜಂಪುರದ ಕಡೆಯೋರವು. ಮಿಷನ್‌ಗೆ ಯಾರು ಅಜ್ಜಂಪುರದೋರು ಅಂತ ಹೆಂಗ್ ಗೊತ್ತಾಗ್ತದೆ?"

ಆ ಮಾತು ಸರಿಯೇ. ಕೆಟ್ಟ ಮಿಷನ್ ಹೇಗೆ ಬೇಕೋ ಹಾಗೆ ಕೆಡುತ್ತದೆ, ಒಬ್ಬರಿಗೆ ಲಾಭವಾಗುವಂತೆ ಆರಿಸಿಕೊಂಡು ಕೆಡುವುದಿಲ್ಲ. ನಾನೂ ಹುಡುಗಿಯ ಕಡೆ ಒಮ್ಮೆ ನೋಡಿದೆ.

ನನ್ನ ಕೆಲಸ ಶುರು ಮಾಡಿದೆ. ಒಂದಷ್ಟು ಸುಳ್ಳು ಹೆಸರು ಹಾಕಿ ಎಲ್ಲಕ್ಕೂ ಫೇಲು ಎಂದು ಟೈಪ್ ಮಾಡಿದೆ. ಮಿಷನ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಎಲ್ಲವೂ ಫೇಲಾಗಿಯೇ ಇದ್ದವು. ಬೇಕೆಂದೇ ನಡುವೆ ಕರೆಂಟ್ ತೆಗೆಸಿದೆ, ಆಗಲೂ ಫೇಲು. ಕಾರ್ಯದರ್ಶಿಯ ಅಕ್ಕನ ಮಗ ಟೈಪಿಂಗ್ ಕಲಿತವನು, ಅವನನ್ನು ಕೂರಿಸಿ ಟೈಪ್ ಮಾಡಿಸಿದರು. ಅವನು ಹಾಕಿದ್ದೂ ಒಂದಕ್ಷರ ಅಲ್ಲಾಡಲಿಲ್ಲ. "ಕಂಡ್ರಾ? ಬೇರೆಯೋರು ಕೂತ್ರೆ ಸರಿಯಾಗೇ ಐತೆ" ಎಂದು ಕಾರ್ಯದರ್ಶಿ ಕೈ ಉಜ್ಜಿಕೊಂಡ. ಈ ಅಕ್ಕನ ಮಗ ಇಷ್ಟು ಬೇಗ ಎಲ್ಲಿಂದ ಬಂದ, ಆ ಕುರ್ಚಿಯ ಮೇಲೆ ಎಷ್ಟು ದಿನದಿಂದ ಕಣ್ಣಿತ್ತು ಎಂದು ನನ್ನ ಅನುಮಾನ ಅತ್ತ ತಿರುಗಿತು. ಆದರೆ ಕೋಣೆಯ ಬೀಗದ ಕೈ ಹುಡುಗಿಯ ಹತ್ತಿರವೂ ಇರಲಿಲ್ಲ, ಅವನ ಹತ್ತಿರವೂ ಇರಲಿಲ್ಲ. ದಿನಾ ಸಂಜೆ ಕಾರ್ಯದರ್ಶಿಯೇ ಬೀಗ ಹಾಕಿ ಮನೆಗೆ ಒಯ್ಯುತ್ತಿದ್ದ. ಹಾಗಾದರೆ ಇವನೇ ಏಕಾಗಿರಬಾರದು? ಆದರೆ ಇವನಿಗೆ ಮಿಷನ್ ಶುರು ಮಾಡಲೂ ಬರುತ್ತಿರಲಿಲ್ಲ, ಅದನ್ನು ನಾನೇ ಕಣ್ಣಾರೆ ನೋಡಿದ್ದೆ.

ಮಧ್ಯಾಹ್ನ ಇಳಿದ ಮೇಲೆ ಅಜ್ಜಂಪುರದ ಬಸ್ಸಿನಲ್ಲಿ ಒಬ್ಬ ಅಜ್ಜ ಬಂದ. ಬುಕ್ಕಾಂಬುಧಿ ಕೆರೆಯ ಹಿಂದೆ ಅವನ ಹೊಲ. ದೂರು ಮೊದಲು ತಂದವನು ಇವನೇ ಎಂದು ಆಗ ಗೊತ್ತಾಯಿತು. ಮಳೆಗೆ ಸಿಕ್ಕಿ ಕಪ್ಪಾಗಿದ್ದ ಅವನ ಬೀಜ ಫೇಲಾಗಿತ್ತು. ಆದರೂ ಬಿತ್ತನೆಗೆಂದು ತುಂಬಿಕೊಂಡು ಹೋಗಲು ಸಂಘದ ಲಾರಿ ಮನೆ ಬಾಗಿಲಿಗೆ ಬಂದಿತ್ತು. "ನಂದು ಮೊಳ್ತಿಲ್ಲ ಅಂತ ನನ್ ಕಣ್ಣಾರೆ ನೋಡಿವ್ನಿ ಕಣವ್ವ. ಅದುನ್ನ ಇನ್ನೊಬ್ಬ ಬಡವನ ಹೊಲಕ್ಕೆ ಬಿತ್ತುಸ್ತೀರಾ ಅಂತ ಲಾರೀನ ವಾಪಸ್ ಕಳ್ಸ್‌ಬುಟ್ಟೆ" ಎಂದ.

ಲಂಚ ಕೊಟ್ಟವನು ಲಾರಿ ವಾಪಸ್ ಕಳಿಸುತ್ತಾನೆಯೇ? ನನ್ನ ತಲೆಯೊಳಗೆ ಅದೊಂದು ಮಾತು ಮುಳ್ಳಿನ ಹಾಗೆ ಕೂತಿತು. ಹೊರಗೆ ಬಂದು ಹುಡುಗಿಯನ್ನು ಕೇಳಿದೆ, "ಹೇಗೆ ಟೈಪ್ ಮಾಡ್ತಿದ್ದೆ?"

"ನಿಮ್ ಕಂಪನಿಯೋರು ಕಲಿಸ್ದಂಗೇ ಮೇಡಂ."

"ಬೇರೆ ಏನೂ ಮಾಡ್ತಿರಲಿಲ್ವಾ?"

 ಅವಳ ಕಾಲ ಹೆಬ್ಬೆರಳು ನೆಲ ಒತ್ತಿತು. ಏನೋ ಮುಚ್ಚಿಡುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು. ಅಜ್ಜನ ಮಾತಿನಿಂದ ಅವಳ ಕಡೆ ವಾಲಿದ್ದ ಮನಸ್ಸು ಮತ್ತೆ ಹಿಂದಕ್ಕೆ ಸರಿಯಿತು. ಬಾಯಿ ಬಿಡದವರನ್ನು ಅವರ ಮನೆಯಲ್ಲೇ ನೋಡಬೇಕು ಎಂದುಕೊಂಡು ಮರುದಿನ ಬೆಳಿಗ್ಗೆ, ಅವಳು ಆಫೀಸಿಗೆ ಹೊರಡುವ ಮೊದಲೇ, ದೇವನೂರಿನ ಬಸ್ ಹತ್ತಿದೆ. ಹೊಸ ಹಂಚು, ಹೊಸ ಕಪಾಟು, ಹೊಸ ಸೀರೆ, ಏನಾದರೂ ಒಂದು ಕಂಡೀತು ಎಂಬ ದುರಾಲೋಚನೆಯೂ ಇತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಂಥದ್ದು ಏನೂ ಇರಲಿಲ್ಲ. ಸಾರಿಸಿದ ನೆಲ, ಗೋಡೆಯ ಮೇಲೆ ಬುದ್ಧನ ಪಟ, ಮೂಲೆಯಲ್ಲಿ ರಾಗಿಯ ಮೂಟೆ. ಅವಳ ತಾಯಿ ನೆರೆಮನೆಯ ಹೆಂಗಸಿಗೆ ಸೇರಿನಲ್ಲಿ ರಾಗಿ ಅಳೆದು ಕೊಡುತ್ತಿದ್ದಳು. "ಬಾರವ್ವ, ಕೂತ್ಕ. ಇದೊಂದ್ ಅಳ್ದ್‌ಬುಡ್ತೀನಿ" ಎಂದು ಮೊದಲ ಸೇರನ್ನು ಮಡಿಲಿಗೆ ಸುರಿದು "ಲಾಭ" ಎಂದಳು. ಎರಡನೆಯದಕ್ಕೆ "ಎಲ್ಡು". ಮೂರನೆಯದಕ್ಕೆ "ಮೂರು". ನಮ್ಮ ಕಡೆ ಯಾರೂ ಧಾನ್ಯ ಅಳೆಯುವಾಗ ಒಂದು ಎಂದು ಶುರು ಮಾಡುವುದಿಲ್ಲ. ಮೊದಲು ಬಾಯಲ್ಲಿ ಒಳ್ಳೆಯ ಮಾತೇ ಬರಬೇಕು, ಲೆಕ್ಕ ಆಮೇಲೆ. ತರೀಕೆರೆಯ ನಮ್ಮ ಮನೆಯಲ್ಲೂ ಹಾಗೆಯೇ ಅಳೆಯುತ್ತಿದ್ದರು. ನಾನು ಅದನ್ನು ಕೇಳಿ ಬೆಳೆದವಳು, ಆದ್ದರಿಂದಲೇ ಅದು ನನ್ನ ಕಿವಿಗೆ ಬಿದ್ದೂ ಬೀಳದಂತೆ ಹೋಗಬೇಕಿತ್ತು. ಅಂದು ಹೋಗಲಿಲ್ಲ. ಅನುಮಾನದ ಕಿವಿ.

ಹುಡುಗಿಯ ಕಡೆ ತಿರುಗಿ ಕೇಳಿದೆ. "ರೈತನ ಬೀಜ ಫೇಲಾಗಿದ್ರೆ ಮೊದಲು ಏನು ಟೈಪ್ ಮಾಡ್ತಿದ್ದೆ?"

ಅವಳ ಮುಖ ಬಿಳಿಚಿಕೊಂಡಿತು.  ಆಮೇಲೆ ಒಮ್ಮೆಲೇ ಹೇಳಿಬಿಟ್ಟಳು. "ಪಾಸು ಅಂತ್ಲೇ ಹಾಕ್ತಿದ್ದೆ ಮೇಡಂ. ಅವ್ರು ಎದುರಿಗೇ ನಿಂತಿರ್ತಾರೆ. ಹೆಸ್ರು ಬರೆದ ತಕ್ಷಣ ಅದ್ರ ಮುಂದೆ ಫೇಲು ಅಂತ ಹೆಂಗ್ ಹಾಕೋದು? ವರ್ಷದ ಮೊದಲ್ನೇ ಮಾತು ಅವ್ರಿಗೆ. ಪಾಸು ಅಂತ ಹಾಕಿ, ಸೇವ್ ಮಾಡಿ, ತಕ್ಷಣ ಫೇಲು ಅಂತ ತಿದ್ದಿ ಮತ್ತೆ ಸೇವ್ ಮಾಡ್ತಿದ್ದೆ. ಒಂದ್ಸಲಾನೂ ತಿದ್ದೋದು ಬಿಟ್ಟಿಲ್ಲ, ನಮ್ಮವ್ವನಾಣೆ."

"ಇದನ್ನ ಕಾರ್ಯದರ್ಶಿಗೆ ಯಾಕೆ ಹೇಳಲಿಲ್ಲ?"

"ಮೊದ್ಲು ಪಾಸು ಅಂತ ನಾನೇ ಹಾಕ್ತಿದ್ದೆ ಅಂದ್ರೆ ಅಲ್ಲಿಗ್ ಮುಗೀತಲ್ಲ ಮೇಡಂ. ಒಪ್ಕೊಂಡ್ಳು ಅಂತಿದ್ರು."

ನಿಜ. ಅದೇ ಮಾತನ್ನು ಅವಳು ಹಿಂದಿನ ದಿನ ಬೆಂಚಿನ ಮೇಲೆ ಹೇಳಿದ್ದರೆ ನಾನೂ ಹಾಗೆಯೇ ಅನ್ನುತ್ತಿದ್ದೆ. ತಾಯಿ ಕೊಟ್ಟ ಬೆಲ್ಲದ ಕಾಫಿಯನ್ನು ನಿಂತೇ ಕುಡಿದು ಅವಳ ಜೊತೆಗೇ ಕಡೂರಿಗೆ ಓಡಿಬಂದೆ.

ಕೋಣೆಯ ಬಾಗಿಲು ಹಾಕಿಕೊಂಡು, ಅವಳು ಹೇಳಿದ ಹಾಗೆಯೇ ಮಾಡಿದೆ. ಪಾಸು, ಸೇವ್. ಕೂಡಲೇ ಫೇಲು, ಸೇವ್. ಪರದೆಯ ಮೇಲೆ ಫೇಲು ಎಂದೇ ಇತ್ತು. ಪ್ರಿಂಟ್ ತೆಗೆದರೂ ಫೇಲು. ಮಿಷನ್ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಪಾಸು.

ಇನ್ನೊಮ್ಮೆ ನಿಧಾನವಾಗಿ, ಎರಡರ ನಡುವೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ಮಾಡಿದೆ. ಆಗ ಫೇಲು ಫೇಲಾಗಿಯೇ ಉಳಿಯಿತು. ಬೇಗ ಮಾಡಿದರೆ ಮತ್ತೆ ಪಾಸು. ಬೆಂಗಳೂರಿನಲ್ಲಿ ನಾವು ಇದನ್ನು ತಿಂಗಳುಗಟ್ಟಲೆ ಪರೀಕ್ಷೆ ಮಾಡಿದ್ದೆವು. ಆದರೆ ಸೇವ್ ಮಾಡಿದ ಮರುಗಳಿಗೆಯಲ್ಲೇ ಅದನ್ನು ತಿದ್ದಬೇಕೆಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ಏಕೆ ಅನ್ನಿಸಬೇಕು? ನಾವು ಯಾರ ಮುಖ ನೋಡಿಕೊಂಡೂ ಟೈಪ್ ಮಾಡುತ್ತಿರಲಿಲ್ಲ.

ಟೇಪಿನಿಂದ ಮೂಲ ಪ್ರೋಗ್ರಾಮು ಇಳಿಸಿಕೊಂಡು ಓದುತ್ತಾ ಕೂತೆ. ಟೈಪ್ ಮಾಡಿದ್ದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ಮೆಮೊರಿಯಲ್ಲಿ ಕೂರುತ್ತದೆ, ಮಿಷನ್ ನಿಂತರೆ ಅಲ್ಲಿದ್ದದ್ದು ಅಳಿಸಿಹೋಗುತ್ತದೆ. ಅದಕ್ಕೆ ಕರ್ನಲ್ 'ಕೊಳೆ' ಎಂದು ಒಂದು ಗುರುತು ಹಾಕುತ್ತದೆ. ಅಂದರೆ ಇದು ಬದಲಾಗಿದೆ, ಇನ್ನೂ ಡಿಸ್ಕಿಗೆ ಬರೆಯಬೇಕು ಎಂದರ್ಥ. ಬರೆದಾದ ಮೇಲೆ ಗುರುತು ಅಳಿಸುತ್ತದೆ. ಕಡೂರಿನಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತಿತ್ತಾದ್ದರಿಂದ ಸೇವ್ ಒತ್ತಿದಾಗಲೆಲ್ಲ ಮೆಮೊರಿಯಲ್ಲಿದ್ದ ಕೊಳೆಯನ್ನೆಲ್ಲ ಡಿಸ್ಕಿಗೆ ಬರೆಯುವಂತೆ ನಮ್ಮವರು ವ್ಯವಸ್ಥೆ ಮಾಡಿದ್ದರು. ಡಿಸ್ಕು ಮಾತ್ರ ಎಮ್ಮೆಯ ನಡಿಗೆಯದು. ಎಲ್ಲ ಬರೆದು ಮುಗಿಸಲು ಸ್ವಲ್ಪ ಹೊತ್ತು ಬೇಕು. ನಮ್ಮ ಮುಖ್ಯಸ್ಥರ ಕರ್ನಲ್ ಎಲ್ಲವನ್ನೂ ಬರೆದು ಮುಗಿಸಿ, ಕೊನೆಯಲ್ಲಿ ಒಟ್ಟಿಗೆ ಎಲ್ಲದರ ಗುರುತನ್ನೂ ಅಳಿಸುತ್ತಿತ್ತು.

ಅಲ್ಲೇ ಇತ್ತು ಕಳ್ಳತನ. ಮನೆಯಾಕೆ ಕೊಳೆಬಟ್ಟೆಯ ಗಂಟು ಹೊತ್ತು ಕೆರೆಗೆ ಹೋಗಿದ್ದಾಳೆ ಎನ್ನಿ. ಅವಳು ಅತ್ತ ಒಗೆಯುತ್ತಿರುವಾಗ ಇತ್ತ ಮನೆಯ ಮೂಲೆಗೆ ಯಾರೋ ಇನ್ನೊಂದು ಅಂಗಿ ಬಿಸಾಕುತ್ತಾರೆ. ಅವಳು ವಾಪಸ್ ಬಂದು, ಮೂಲೆಯ ಕಡೆ ನೋಡದೆ, ಎಲ್ಲ ಒಗೆದಾಯಿತು ಎಂದುಬಿಡುತ್ತಾಳೆ. ಹುಡುಗಿಯ 'ಪಾಸು' ಡಿಸ್ಕಿಗೆ ಹೋಗುತ್ತಿರುವಾಗಲೇ ಅವಳ 'ಫೇಲು' ಮೆಮೊರಿಗೆ ಬಂದು ಕೂರುತ್ತಿತ್ತು. ಬರೆಯುವ ಕೆಲಸ ಈಗಾಗಲೇ ನಡೆಯುತ್ತಿದೆ ಎಂದು ಎರಡನೆಯ ಸೇವ್ ಅನ್ನು ಕರ್ನಲ್ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಕೊನೆಗೆ ಗುರುತೂ ಅಳಿದು ಹೋಗುತ್ತಿತ್ತು. ಮಿಷನ್ ನಿಲ್ಲಿಸುವಾಗಲೂ ಬರೆಯುವುದು ಏನೂ ಉಳಿದಿಲ್ಲ ಎಂದು ಅದು ನಂಬಿಕೊಂಡಿರುತ್ತಿತ್ತು. ಪರದೆ ಇಡೀ ದಿನ ಫೇಲು ಎನ್ನುತ್ತಿತ್ತು, ಡಿಸ್ಕಿನಲ್ಲಿ ಪಾಸು ತೆಪ್ಪಗೆ ಮಲಗಿರುತ್ತಿತ್ತು.

ಅಜ್ಜಂಪುರದ ಒಗಟೂ ಅದರೊಂದಿಗೇ ಒಡೆಯಿತು. ಒಬ್ಬನ ಹಿಂದೆಯೇ ಇನ್ನೊಬ್ಬನ ಹೆಸರು ಸೇರಿಸಿದರೆ ಅಕ್ಕಪಕ್ಕದ ಹೆಸರುಗಳೆಲ್ಲ ಒಟ್ಟಿಗೆ ಮತ್ತೆ ಡಿಸ್ಕಿಗೆ ಹೋಗುತ್ತವೆ, ಹಿಂದಿನವನ ಫೇಲೂ ಬಚಾವಾಗುತ್ತದೆ. ದಿನದ ಕೊನೆಯಲ್ಲಿ ಬಂದವನಿಗೆ ಹಿಂದೆ ಬರುವವರಿಲ್ಲ. ಅಜ್ಜಂಪುರದ ಬಸ್ಸು ಕಡೂರಿಗೆ ತಡವಾಗಿ ಬರುತ್ತಿತ್ತು. ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದವರು ಅವರೇ.

ತಿದ್ದಿದ್ದು ಒಂದೇ ಸಾಲು. ಬರೆದು ಮುಗಿದ ಮೇಲೆ ಗುರುತು ಅಳಿಸುವ ಬದಲು, ಪ್ರತಿಯೊಂದನ್ನೂ ಬರೆಯಲು ಕೈಗೆತ್ತಿಕೊಳ್ಳುವ ಮೊದಲೇ ಅಳಿಸುವುದು. ನಡುವೆ ಯಾರಾದರೂ ತಿದ್ದಿದರೆ ಹೊಸ ಗುರುತು ಬೀಳುತ್ತದೆ, ಅದನ್ನು ಯಾರೂ ಅಳಿಸುವುದಿಲ್ಲ, ಮುಂದಿನ ಸಲ ಡಿಸ್ಕಿಗೆ ಹೋಗುತ್ತದೆ. ಕೆಳಗಿನ ಸಾಲನ್ನು ಮೇಲೆ ತಂದು, ಕಂಪೈಲ್ ಮಾಡಿ, ಹೊಸ ಕರ್ನಲ್ ಹಾಕಿದೆ. ಪಾಸು, ಫೇಲು, ನಿಲ್ಲಿಸು, ಶುರು ಮಾಡು. ಫೇಲು. ನನ್ನ ಮೇಲೇ ನಂಬಿಕೆಯಿಲ್ಲದೆ ಬೆರಳು ನೋಯುವವರೆಗೂ ಮಾಡಿದೆ. ಒಂದು ಸಲವೂ ತಪ್ಪಲಿಲ್ಲ.

ಮುಖ್ಯಸ್ಥರಿಗೆ ಟ್ರಂಕ್ ಕಾಲ್ ಮಾಡಿದೆ.  ಎಲ್ಲ ಕೇಳಿ, "ಆಪರೇಟರ್ ಬಳಸಿದ ರೀತಿ ಸರಿ ಇರಲಿಲ್ಲ ಅಂತ ಬರಿ" ಎಂದರು. ನನಗೆ ರೇಗಿಹೋಯಿತು. "ತಪ್ಪು ನಮ್ಮದು ಅಂತ ಬರೀತೀನಿ ಸಾರ್" ಎಂದು ಫೋನ್ ಇಟ್ಟೆ. ಆಮೇಲೆ ನನ್ನ ಬಡ್ತಿ ಎಷ್ಟು ಕಾಲ ತಡವಾಯಿತು ಎಂಬುದು ಬೇರೆ ಕಥೆ.

ಶನಿವಾರ ಸಮಿತಿಯವರು ಬಂದು ಕೂತರು. ಅಜ್ಜನೂ ಬಂದು ಬಾಗಿಲ ಬಳಿ ನಿಂತಿದ್ದ. ಹಳೆಯ ಕರ್ನಲ್ ಹಾಕಿ ಅವರ ಕಣ್ಣೆದುರೇ ಫೇಲನ್ನು ಪಾಸು ಮಾಡಿ ತೋರಿಸಿದೆ. ಹೊಸದು ಹಾಕಿ ಫೇಲು ಉಳಿಯುವುದನ್ನೂ ತೋರಿಸಿದೆ. ತಪ್ಪು ಕಂಪನಿಯದು, ಈ ಹುಡುಗಿಯದಲ್ಲ ಎಂದು ನನ್ನ ಕೈಯಿಂದಲೇ ಬರೆದುಕೊಟ್ಟೆ. ಅಧ್ಯಕ್ಷರು ತಲೆದೂಗಿದರು. ಗೆದ್ದೆ ಎಂದುಕೊಂಡೆ.

ಕಾರ್ಯದರ್ಶಿ ಮಾತ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಎಲ್ಲಾ ಸರಿ ಮೇಡಂ. ಆದ್ರೆ ಫೇಲು ಅಂತ ಗೊತ್ತಿದ್ದೂ ಮೊದ್ಲು ಪಾಸು ಅಂತ ಯಾಕ್ ಹಾಕಿದ್ಳು? ಮನಸ್ಸಲ್ಲಿ ಏನೋ ಇತ್ತಲ್ಲ?"

"ನಿಮ್ಮನೇಲಿ ಕಣದಾಗೆ ರಾಶಿ ಅಳೆಯೋವಾಗ ಒಂದು ಅಂತ ಶುರು ಮಾಡ್ತೀರೇನಪ್ಪಾ?" ಎಂದ ಅಜ್ಜ ಬಾಗಿಲಿಂದಲೇ. ಇಬ್ಬರು ಸದಸ್ಯರು ನಕ್ಕರು. ಕಾರ್ಯದರ್ಶಿ ನಗಲಿಲ್ಲ.

ಅಧ್ಯಕ್ಷರು ರಾಜಿಯ ದನಿಯಲ್ಲಿ ಹೇಳಿದರು, "ಆಗಿದ್ದಾಯ್ತು. ಸೋಮವಾರದಿಂದ ಕೆಲ್ಸಕ್ ಬಾರಮ್ಮ. ಕಾರ್ಯದರ್ಶಿಗಳ ಸಮಾಧಾನಕ್ಕೆ ಸ್ವಲ್ಪ ದಿನ ಅವರ ಅಕ್ಕನ ಮಗ ನಿನ್ ಪಕ್ಕ ಕೂತಿರ್ಲಿ. ನೀನು ಹಾಕಿದ್ದುನ್ನ ಅವ್ನು ಒಂದ್ಸಲ ನೋಡ್ಲಿ. ಅಷ್ಟೇಯ."

ಹುಡುಗಿ ಎದ್ದು ನಿಂತಳು. ಇಷ್ಟು ದಿನ ಗೋಡೆ ನೋಡಿಕೊಂಡು ಕೂತಿದ್ದವಳು ಅಂದು ಅವರನ್ನೇ ನೋಡಿದಳು.

"ಮಿಷನ್ ಮೇಲೆ ಅನುಮಾನ ಬರೋಕೆ ಬೆಂಗ್ಳೂರಿಂದ ಮೇಡಮ್ಮೇ ಬರ್ಬೇಕಾಯ್ತು ಸಾರ್. ನನ್ ಮೇಲೆ ಬರೋಕೆ ನಿಮಗೆ ಯಾರೂ ಬೇಕಾಗ್ಲಿಲ್ಲ. ಈಗ ಮಿಷನ್ ಪಕ್ಕ ಯಾರೂ ಕೂರೋದಿಲ್ಲ, ನನ್ ಪಕ್ಕ ಮಾತ್ರ ಕೂರ್ತಾರೆ."

  ಅವಳು ಬೆಂಚಿನ ಮೇಲಿಟ್ಟಿದ್ದ ಊಟದ ಡಬ್ಬಿ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಬಾಗಿಲಲ್ಲಿ ಒಂದು ಕ್ಷಣ ನಿಂತು, "ಹೋಗ್ತೀನಿ" ಎಂದಳು.

ಅಜ್ಜ ಬೆಚ್ಚಿಬಿದ್ದ. ನಮ್ಮ ಕಡೆ ಹೆಣ ಎತ್ತುವ ಮನೆಯಿಂದ ಹೊರಡುವಾಗ ಬಿಟ್ಟರೆ ಯಾರೂ ಹಾಗೆ ಹೇಳಿ ಹೊರಡುವುದಿಲ್ಲ. "ಬತ್ತೀನಿ ಅನ್ನವ್ವ, ಹೊರಡೋವಾಗ ಹಂಗನ್ನಬಾರ್ದು ಕಣವ್ವ, ಬತ್ತೀನಿ ಅನ್ನು" ಎಂದು ಮೆಟ್ಟಿಲವರೆಗೂ ಅವಳ ಹಿಂದೆ ಹೋದ.

ಅವಳು ಅನ್ನಲಿಲ್ಲ. ದೇವನೂರಿನ ಬಸ್ಸು ಆಗಲೇ ಬಂದು ನಿಂತಿತ್ತು, ಹತ್ತಿ ಕೂತಳು.